ಪುಣೆಯ ಟೇಕಡಿಯಲ್ಲಿ ಮೊದಲ ಹೂವಿಗೆ ಕಾದದ್ದು

ಪುಣೆಯಲ್ಲಿ ಹೂಗಳು ಯುಗಾದಿಗೆ ಕಾಯುವುದಿಲ್ಲ. ಪಂಚಾಂಗದ ಲೆಕ್ಕದಲ್ಲಿ ವಸಂತ ಶುರುವಾಗುವುದು ಚೈತ್ರಕ್ಕೆ. ಇಲ್ಲಿಯವರು ಗುಡಿ ಪಾಡವಾ ಮಾಡುವ ದಿನವೇ ನಮ್ಮ ಯುಗಾದಿ. ಆದರೆ ಊರ ನಡುವಿನ ಗುಡ್ಡಗಳಲ್ಲಿ, ಇಲ್ಲಿನ ಮಾತಲ್ಲಿ ಟೇಕಡಿಗಳಲ್ಲಿ, ಜನವರಿ ಕೊನೆಗೇ ಬೂರುಗ ಅರಳಲು ತೊಡಗುತ್ತದೆ. ಅದರ ಹಿಂದೆಯೇ ಹೊಂಗಾರೆ, ಮುತ್ತುಗ. ಆಗಿನ್ನೂ ಶಿಶಿರ. ಹುಲ್ಲು ಒಣಗಿರುತ್ತದೆ, ದಾರಿಯಲ್ಲಿ ಧೂಳು, ಮರಗಳೆಲ್ಲ ಬೋಳು. ಆ ಬೋಳು ಕೊಂಬೆಯ ಮೇಲೆಯೇ ಮೊದಲ ಹೂ ಬರುತ್ತದೆ. ಚಿಗುರು ಬರುವುದು ಆಮೇಲೆ.

ಇದನ್ನು ನಾನು ಗಮನವಿಟ್ಟು ನೋಡಲು ಕಲಿತದ್ದು ಅವ್ವನ ಸಲುವಾಗಿ. ಗದಗ ಕಡೆಯ ಹಳ್ಳಿಯಿಂದ ಕೋಥ್ರೂಡಿನ ನಮ್ಮ ಮನೆಗೆ ಬಂದಿದ್ದ ಅವ್ವ, ದೀಪಾವಳಿ ಮುಗಿಯುತ್ತಲೇ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ವಾಕರ್ ಹಿಡಿದು ದಿನಾ ನಡೆಯಲೇಬೇಕು ಅಂದರು ಡಾಕ್ಟರು. ಅವ್ವ ಮಾತ್ರ ಏಳಲೊಲ್ಲಳು. ಫಿಸಿಯೋಥೆರಪಿಯ ಹುಡುಗಿ ಬಂದಾಗ ಗೋಡೆ ಕಡೆ ಹೊರಳಿ ಮಲಗುವಳು. "ಇನ್ನ ನಡದು ಎಲ್ಲಿಗೆ ಹೋಗೂದೈತಿ ನಾನು?" ಅನ್ನುವಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಿಗ್ಗೆ ಒಂದು ತಾಸು ಮಾತ್ರ ನನ್ನದು. ಆ ಹೊತ್ತಿಗೆ ವೇತಾಳ ಟೇಕಡಿಗೆ ಹೋಗುತ್ತಿದ್ದೆ. ನಗರದ ಗುಡ್ಡಗಳಲ್ಲೆಲ್ಲ ಎತ್ತರದ್ದು ಅದೇ. ಮೇಲೆ ವೇತಾಳನ ಗುಡಿ, ಒಂದು ಕಡೆ ಹಳೆಯ ಕಲ್ಲಿನ ಕ್ವಾರಿ. ಡಿಸೆಂಬರಿನಲ್ಲಿ ಒಂದು ದಿನ ವಾಪಸ್ ಬಂದು, ಮಾತಿಗೆ ಏನಾದರೂ ಬೇಕಲ್ಲ ಅಂತ, "ಗುಡ್ಡದ ಮೇಲಿನ ಮುತ್ತಲ ಗಿಡ ಎಲಿ ಉದುರಿಸಾಕ ಹತ್ತೈತವ್ವಾ" ಅಂದೆ. ಅವ್ವ ಈ ಕಡೆ ತಿರುಗಿದಳು. "ಹಂಗಾರ ಮೊಗ್ಗಿ ನೋಡಿದೇನು? ಟೊಂಗಿ ತುದೀಗೆ ಕರ್ರಗ ಇರ್ತಾವ" ಅಂದಳು. ನಾನು ನೋಡಿರಲಿಲ್ಲ. "ನೋಡ್ಕೊಂಡು ಬಾ ಮತ್ತ" ಅಂದಳು.

ಅಲ್ಲಿಂದ ಇದೊಂದು ಕೆಲಸವೇ ಆಯಿತು. ಹೇಗೆ ಮಾಡಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸುಮ್ನೆ ವಾಕಿಂಗ್ ಹೋಗಿ ಹೂ ನೋಡಿ ಬರುವುದಕ್ಕೂ ಇದಕ್ಕೂ ಬಹಳ ಫರಕಿದೆ.

ಗುಡ್ಡದ ಎಲ್ಲ ಮರಗಳ ಹಿಂದೆ ಬೀಳಲಿಲ್ಲ. ಒಂದು ಬೂರುಗ, ಒಂದು ಮುತ್ತುಗ, ಒಂದು ಹೊಂಗಾರೆ ಗೊತ್ತು ಮಾಡಿಕೊಂಡೆ. ನನ್ನ ದಾರಿಯ ಪಕ್ಕದಲ್ಲೇ ಇದ್ದವು. ವಾರಕ್ಕೊಮ್ಮೆ ಅದೇ ಮರದ ಕೆಳಗೆ ನಿಂತು ನೋಡಿ ಬರೆದುಕೊಳ್ಳುವುದು. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ, ದೇಶದ ಬೇರೆ ಬೇರೆ ಕಡೆಯ ಜನ ಮರಗಳನ್ನು ಹೀಗೆಯೇ ವಾರವಾರ ನೋಡಿ ದಾಖಲೆ ಮಾಡುತ್ತಾರೆ. ಎಲೆ, ಹೂ, ಕಾಯಿ, ಯಾವುದೇ ಆಗಲಿ, 'ಇಲ್ಲ', 'ಕೆಲವು', 'ಬಹಳ' ಅಂತ ಗುರುತು ಹಾಕಿದರೆ ಸಾಕು. ನಾನೂ ನೋಟ್‌ಬುಕ್ಕಿನಲ್ಲಿ ಅದೇ ಪದ್ಧತಿ ಇಟ್ಟುಕೊಂಡೆ. ಬೈನಾಕ್ಯುಲರ್ ಬೇಕಿಲ್ಲ. ಬಿಸಿಲು ಏರುವ ಮೊದಲು, ಆಕಾಶ ಹಿನ್ನೆಲೆಯಾಗುವ ಹಾಗೆ ಕೊಂಬೆಯ ತುದಿ ನೋಡಿದರೆ ಸಾಕು. ಮೊಗ್ಗಿದ್ದರೆ ಕಾಣುತ್ತದೆ.

ಮುತ್ತುಗದ ಮೊಗ್ಗು ನೋಡಲು ಕಣ್ಣು ಪಳಗಬೇಕು. ಮೊದಮೊದಲು ಒಣಗಿದ ಟೊಂಗೆಗೆ ಏನೋ ಅಂಟಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಸಾಲಾಗಿ, ಗೊಂಚಲಾಗಿ ಕೂತ ಕಪ್ಪು ಕಂದು ಬಣ್ಣದ ಮೊಗ್ಗುಗಳು. ಮುಟ್ಟಿದರೆ ಮಖಮಲ್ಲಿನಷ್ಟು ಮೆತ್ತಗೆ. ವಾರ ಕಳೆದಂತೆ ಅವು ದಪ್ಪಗಾಗುತ್ತವೆ, ತೊಟ್ಟು ಬಾಗುತ್ತದೆ. ಆಮೇಲೆ ಒಂದು ದಿನ ಆ ಕಪ್ಪು ಪುಷ್ಪಪಾತ್ರೆ, ಅಂದರೆ ಮೊಗ್ಗಿನ ಹೊರಹೊದಿಕೆ, ಸೀಳಿ ಕೇಸರಿ ಗೆರೆ ಕಾಣುತ್ತದೆ. ನನಗೆ ಅರಳಿದ ಹೂವಿಗಿಂತ ಆ ಗೆರೆಯೇ ಹೆಚ್ಚು. ಅರಳಿದ ಮೇಲೆ ಎಲ್ಲರೂ ನೋಡುತ್ತಾರೆ. ಆ ಗೆರೆ ಕಾಣುವುದು ಕಾದವರಿಗೆ ಮಾತ್ರ.

ದಿನವೂ ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದೆ. ಬಿದ್ದ ಹೂ, ಬಿದ್ದ ಮೊಗ್ಗು ಇದ್ದರೆ ತರುತ್ತಿದ್ದೆ. ಕೀಳುತ್ತಿರಲಿಲ್ಲ. ಬೂರುಗದ ಹೂ ಇಡಿಯಾಗಿ ಕೆಳಗೆ ಬೀಳುತ್ತದೆ, ದಪ್ಪ ಕೆಂಪು ಎಸಳು, ನಡುವೆ ಕೇಸರಗಳ ಕಂತೆ. ಮೊದಲ ಹೂ ತಂದುಕೊಟ್ಟಾಗ ಅವ್ವ ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು. ಊರಲ್ಲಿ ಈ ಮರದ ಅರಳೆ ತುಂಬಿ ತಲೆದಿಂಬು ಮಾಡುತ್ತಿದ್ದುದನ್ನು ಹೇಳಿದಳು. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದುದು, ಮದುವೆ ಮನೆಯಲ್ಲಿ ಹೆಂಗಸರೆಲ್ಲ ಕೂತು ಕಟ್ಟು ಕಟ್ಟುತ್ತಿದ್ದುದು, ಹೋಳಿ ಹುಣ್ಣಿಮೆಗೆ ಹೂ ಕುದಿಸಿ ಬಣ್ಣ ಮಾಡುತ್ತಿದ್ದುದು. ಹೇಳುವಾಗ ಬೆರಳು ತಾವಾಗಿ ಆಡುತ್ತಿದ್ದವು.

ಬೋಳು ಮರ ಹೂ ಬಿಡುವುದು ಹೇಗೆ ಅಂತ ನನಗೂ ಕುತೂಹಲ ಹತ್ತಿತು. ಎಲೆ ಉದುರಿದ ಮೇಲೆ ಮರದಿಂದ ಆವಿಯಾಗುವ ನೀರು ಬಹಳ ಕಡಿಮೆಯಾಗುತ್ತದೆ. ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟ ನೀರು, ಆಹಾರ ಹೂವಿಗೆ ಸಿಗುತ್ತದೆ. ಎಲೆಯ ಮರೆ ಇಲ್ಲದ್ದರಿಂದ ಹಕ್ಕಿಗಳಿಗೆ ಕೆಂಪು ಬಣ್ಣ ದೂರದಿಂದಲೇ ಕಾಣುತ್ತದೆ. ಮೈನಾ, ಸೂರಕ್ಕಿ, ಪಿಕಳಾರ, ಚಳಿಗಾಲಕ್ಕೆ ವಲಸೆ ಬಂದ ಗುಲಾಬಿ ಕಬ್ಬಕ್ಕಿಗಳ ಹಿಂಡು, ಎಲ್ಲವೂ ಮಕರಂದಕ್ಕೆ ಮುಗಿಬೀಳುತ್ತವೆ. ಗುಲಾಬಿ ಕಬ್ಬಕ್ಕಿಯನ್ನು ಮರಾಠಿಯಲ್ಲಿ ಪಳಸ್ ಮೈನಾ ಅಂತಲೂ ಕರೆಯುತ್ತಾರೆ, ಪಳಸ್ ಅಂದರೆ ಮುತ್ತುಗ. ಈಗ ಹೂ ಬಿಟ್ಟರೆ ಬೇಸಿಗೆಯಲ್ಲಿ ಬೀಜ ಬಲಿಯುತ್ತದೆ, ಬೂರುಗ, ಮುತ್ತುಗದ್ದು ಗಾಳಿಗೆ ಹಾರುತ್ತದೆ, ಜೂನಿನ ಮಳೆಗೆ ಮೊಳೆಯುತ್ತದೆ. ಅಂದರೆ ಎಲೆ ಉದುರುವುದೇ ಈ ಕೆಲಸದ ಮೊದಲ ಹೆಜ್ಜೆ. ಇದನ್ನು ಅವ್ವನಿಗೆ ಹೇಳಿದಾಗ, "ನಮಗ ಗೊತ್ತಿದ್ದದ್ದ ಐತಿ ಇದು" ಅಂದಳು!

ಎಲ್ಲ ಸಲ ಎಣಿಸಿದ ಹಾಗೆ ಆಗುವುದಿಲ್ಲ. ನಮ್ಮ ವಸತಿ ಸೊಸೈಟಿಯ ಮಾವು ಆ ವರ್ಷ ಮೈತುಂಬ ಹೂ ಹೊತ್ತಿತ್ತು. ಅಕಾಲಿಕ ಮೋಡ ಮಳೆಗೆ ಬಹುಪಾಲು ಕಪ್ಪಾಗಿ ಉದುರಿತು. ಗುಡ್ಡದಲ್ಲಿ ಒಣ ಹುಲ್ಲಿಗೆ ಬೆಂಕಿ ಬೀಳುವುದೂ ಇದೇ ದಿನಗಳಲ್ಲಿ. ಅದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಿಗರೇಟು ತುಂಡು ಎಸೆಯಬೇಡಿ ಅಂತ ಗುಡ್ಡಕ್ಕೆ ಬರುವವರಿಗೆ ಕೈಮುಗಿದು ಹೇಳುತ್ತೇನೆ. ಇನ್ನು ಗ್ಲಿರಿಸಿಡಿಯಾ. ಇಳಿಜಾರಿನ ತುಂಬ ನೆಟ್ಟಿರುವ ಈ ಮರ ಮಧ್ಯ ಅಮೆರಿಕ ಕಡೆಯದು. ನಮ್ಮ ಮಣ್ಣಿನ ಗಿಡಗಳಿಗೆ ಇದು ಜಾಗ ಬಿಡುವುದಿಲ್ಲ ಅನ್ನುವ ದೂರು ನನಗೆ ಸರಿ ಅನಿಸುತ್ತದೆ. ಆದರೂ ಫೆಬ್ರವರಿಯಲ್ಲಿ ಅದು ತಿಳಿ ಗುಲಾಬಿ ಹೂ ಬಿಟ್ಟಾಗ ಅವ್ವನಿಗೆ ಅದರ ಗೊಂಚಲನ್ನೂ ತಂದುಕೊಟ್ಟೆ. ಹೂವಿನ ಮೇಲೆ ನನಗೆ ಸಿಟ್ಟಿಲ್ಲ.

ಅವ್ವನಲ್ಲಿ ಬದಲಾವಣೆ ಆದದ್ದು ಹೂ ನೋಡಿ ಅಲ್ಲ. ಹೂ ಇನ್ನೂ ಬಂದೇ ಇರಲಿಲ್ಲ. ನಾನು ಬಾಗಿಲು ತೆಗೆಯುವ ಮೊದಲೇ "ಇವತ್ತ ಏನಾತು?" ಅಂತ ಕೇಳಲು ಶುರು ಮಾಡಿದಳಲ್ಲ, ಆಗಲೇ ಆಗಿತ್ತು. ಹೂವಿನ ಫೋಟೋ ತೋರಿಸಿದ್ದರೆ ಇದಾಗುತ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ. ಮೊಗ್ಗು ಗೊತ್ತಿದ್ದಕ್ಕೇ ನಾಳೆಯ ಮೇಲೆ ಮನಸ್ಸು ಬಂತು. ಸಂಕ್ರಾಂತಿ ಕಳೆದ ಮೇಲೆ ವಾಕರ್ ಹಿಡಿದು ಬಾಲ್ಕನಿವರೆಗೆ ಬಂದಳು, ಸೊಸೈಟಿಯ ಬೇವು ನೋಡಲು. ಆಮೇಲೆ ಆ ಮರದ ವರದಿ ಅವಳದೇ. ಯುಗಾದಿಯ ಬೇವು ಬೆಲ್ಲಕ್ಕೆ ಹೂ ಸಿಗುತ್ತದೋ ಇಲ್ಲವೋ ಅಂತ ವಾರ ಮೊದಲೇ ಹೇಳಿದಳು. ಸಿಕ್ಕಿತು.

ನೀವೂ ಮಾಡುವುದಾದರೆ ಡಿಸೆಂಬರಿನಲ್ಲಿ, ಎಲೆ ಇರುವಾಗಲೇ ಮರ ಗುರುತು ಮಾಡಿಟ್ಟುಕೊಳ್ಳಿ. ಬೋಳಾದ ಮೇಲೆ ಹೊಸಬರಿಗೆ ಗೊತ್ತಾಗುವುದು ಕಷ್ಟ. ಬೂರುಗದ ಎಲೆ ಅಂಗೈ ಬಿಚ್ಚಿದ ಹಾಗೆ ಐದಾರು ಭಾಗ. ಮುತ್ತುಗಕ್ಕೂ ಹೊಂಗಾರೆಗೂ ಮೂರು ಮೂರು ಎಲೆ. ಹೊಂಗಾರೆಯ ಕೊಂಬೆಯಲ್ಲಿ ಮುಳ್ಳಿರುತ್ತದೆ, ಮುತ್ತುಗಕ್ಕೆ ಇರುವುದಿಲ್ಲ. ಮುಂಬೈಯಲ್ಲಿರುವವರಿಗೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಈ ಮೂರೂ ಸಿಗುತ್ತವೆ. ಮನೆಯಲ್ಲಿ ಹಿರಿಯರಿದ್ದರೆ ಹೊರಡುವ ಮೊದಲು ಅವರನ್ನೊಮ್ಮೆ ಕೇಳಿ, ಯಾವ ಟೊಂಗೆ ನೋಡಬೇಕು ಅಂತ.