ಸ್ಪ್ಯಾನಿಶ್ ಕ್ರಿಯಾಪದಕ್ಕೆ ಕನ್ನಡದ್ದೇ ದಾರಿ

ಕಾಫಿ ಬೆಳೆಯುವ ಕೊಲಂಬಿಯಾ, ಗ್ವಾಟೆಮಾಲಾ, ಹೊಂಡುರಾಸ್‌ಗಳಲ್ಲಿ ಸ್ಪ್ಯಾನಿಶ್ ಮಾತನಾಡುತ್ತಾರೆ. ಕೊಡಗಿನ ಬೆಳೆಗಾರರ ಮನೆಯ ಮಕ್ಕಳಿಗೆ ಅದನ್ನು ಕಲಿಯಲು ಇಷ್ಟು ಕಾರಣ ಸಾಕು. ಆದರೆ ಅನೇಕರು ಇಂಗ್ಲಿಷ್ ಪುಸ್ತಕ ಹಿಡಿದು, ಕ್ರಿಯಾಪದಗಳ ಪಟ್ಟಿ ಕಂಡ ಕೂಡಲೇ ಕೈಬಿಡುತ್ತಾರೆ. ನನ್ನ ಮಾತು ಕೇಳಿ, ಕನ್ನಡದಿಂದ ಹೊರಡಿ. ‘ಕುಡಿಯುತ್ತೇನೆ’ ಎಂದಾಗ ‘ನಾನು’ ಎನ್ನಬೇಕಾಗಿಲ್ಲ. ಕೊನೆಯ ‘ಏನೆ’ಯೇ ಅದನ್ನು ಹೇಳುತ್ತದೆ. ಸ್ಪ್ಯಾನಿಶ್‌ನಲ್ಲಿಯೂ ಹಾಗೆಯೇ.

ಮೊದಲು ‘ತೊಮಾರ್’ ತೆಗೆದುಕೊಳ್ಳಿ. ಕಾಫಿ ಕುಡಿಯುವುದಕ್ಕೆ ಬಳಸುವ ಪದ. ಕೊನೆಯ ‘ಆರ್’ ಕಳಚಿ ಪ್ರತ್ಯಯ ಜೋಡಿಸಿ: ತೋಮೊ (ಕುಡಿಯುತ್ತೇನೆ), ತೋಮಾಸ್ (ಕುಡಿಯುತ್ತೀಯ), ತೋಮಾ (ಕುಡಿಯುತ್ತಾನೆ, ಕುಡಿಯುತ್ತಾಳೆ), ತೊಮಾಮೊಸ್ (ಕುಡಿಯುತ್ತೇವೆ), ತೋಮಾನ್ (ಕುಡಿಯುತ್ತಾರೆ). ಗಂಡು ಹೆಣ್ಣಿನ ಭೇದ ಕ್ರಿಯಾಪದದಲ್ಲಿ ಇಲ್ಲ, ಅಷ್ಟು ಹೊರೆ ಕಡಿಮೆ. ‘ನೀವು ಎಲ್ಲರೂ’ ಎನ್ನಲು ಸ್ಪೇನಿನಲ್ಲಿ ತೊಮಾಯಿಸ್ ಎಂಬ ಬೇರೆ ರೂಪವಿದೆ. ಲ್ಯಾಟಿನ್ ಅಮೆರಿಕದಲ್ಲಿ ತೋಮಾನ್ ಸಾಕು.

‘ಏರ್’, ‘ಈರ್’ ಎಂದು ಮುಗಿಯುವವು ಇನ್ನೆರಡು ಗುಂಪು. ಕೊಮೇರ್ (ತಿನ್ನು): ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೋಮೆನ್. ಬಿಬೀರ್ (ವಾಸಿಸು) ಕೂಡ ಇದೇ ಜಾಡು, ‘ನಾವು’ ಮಾತ್ರ ಬಿಬೀಮೊಸ್. ‘ಬೀಬೊ ಎನ್ ಕೊಡಗು’ ಎಂದರೆ ಕೊಡಗಿನಲ್ಲಿ ವಾಸಿಸುತ್ತೇನೆ.

ಹೋಂಸ್ಟೇ ನಡೆಸುವವರು ಇದನ್ನು ಮರೆಯಬಾರದು: ಅತಿಥಿಗೆ ‘ನೀನು’ ಎನ್ನುವುದಿಲ್ಲವಲ್ಲ! ಗೌರವದ ‘ನೀವು’ ಅಲ್ಲಿ ‘ಉಸ್ತೆದ್’. ಅದರ ಜೊತೆ ‘ಅವನು, ಅವಳು’ ರೂಪವೇ ಬರುತ್ತದೆ. ‘ತೋಮಾ ಕಫೆ?’ ಎಂದು ದನಿ ಏರಿಸಿದರೆ ‘ಕಾಫಿ ಕುಡಿಯುತ್ತೀರಾ?’ ಎಂದಾಗುತ್ತದೆ.

ಎಡವುವ ಜಾಗ ಮುಂದಿದೆ. ‘ನಾನು ಶಿಕ್ಷಕ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ. ಸ್ಪ್ಯಾನಿಶ್‌ಗೆ ‘ಸೋಯ್’ ಬೇಕೇ ಬೇಕು. ‘ಮಡಿಕೇರಿಯಲ್ಲಿ ಇದ್ದೇನೆ’ ಎಂದು ಇರುವ ಜಾಗ ಹೇಳುವಾಗ ‘ಎಸ್ತೊಯ್’. ಇವೆರಡನ್ನೂ ‘ಬೋಯ್’ (ಹೋಗುತ್ತೇನೆ) ಎಂಬುದನ್ನೂ ಬಾಯಿಪಾಠ ಮಾಡಿ, ಅಡ್ಡದಾರಿ ಇಲ್ಲ. ‘ನಾಳೆ ಹೋಗುತ್ತೇನೆ’ ಎಂದು ನಾವು ವರ್ತಮಾನದಲ್ಲಿಯೇ ಹೇಳುವಂತೆ ‘ಮನ್ಯಾನಾ ಬೋಯ್ ಆ ಮಡಿಕೇರಿ’ ಎನ್ನಬಹುದು.

ಇಂಗ್ಲಿಷ್ ಮೂಲಕ ಕಲಿಯುವವರು ‘ಗುಸ್ತಾರ್’ ಎಂಬ ಪದಕ್ಕೆ ಬೆವರುತ್ತಾರೆ. ನಮಗೆ ಅದು ಹಳೆಯ ನೆಂಟ. ‘ನನಗೆ ಕಾಫಿ ಹಿಡಿಸುತ್ತದೆ’: ಮೆ ಗುಸ್ತಾ ಎಲ್ ಕಫೆ. ‘ನನಗೆ ಕಿತ್ತಳೆಗಳು ಹಿಡಿಸುತ್ತವೆ’: ಮೆ ಗುಸ್ತಾನ್ ಲಾಸ್ ನರಾಂಹಾಸ್. ನಮ್ಮ ‘ಹಿಡಿಸುತ್ತದೆ, ಹಿಡಿಸುತ್ತವೆ’ಯಂತೆ ಕ್ರಿಯಾಪದ ಹಣ್ಣಿನ ಜೊತೆ ಹೋಗುತ್ತದೆ, ತಿನ್ನುವವನ ಜೊತೆ ಅಲ್ಲ. ಆ ‘ನರಾಂಹಾ’ ಕೂಡ ದೂರದವಳಲ್ಲ. ನಮ್ಮ ‘ನಾರಂಗ’ವೇ ಪರ್ಶಿಯನ್, ಅರಬ್ಬಿ ಬಾಯಿಗಳನ್ನು ದಾಟಿ ಸ್ಪೇನಿಗೆ ಹೋಗಿ ಹಾಗಾಯಿತು.