ಕಚೇರಿಯ ಕರೆಂಟ್ ಲೆಕ್ಕ ಕಂಪ್ಯೂಟರಿನಲ್ಲಿ: ಮಳೆಗಾಲದ ಬಿಲ್ ತಾಳೆಯಾಗಬೇಕು

ಕಟ್ಟಡದ ವಿದ್ಯುತ್ ಬಳಕೆಯನ್ನು ತಂತ್ರಾಂಶದಿಂದ ವಿಶ್ಲೇಷಿಸಲು ಹೊರಟ ಮಡಿಕೇರಿಯ ಕಚೇರಿಗಳವರು ಒಂದೇ ಕಡೆ ಎಡವುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ: ಪರದೆಯ ಮೇಲೆ ಬಂದ ಅಂಕಿಯನ್ನು ಬಿಲ್ಲಿನೊಂದಿಗೆ ತಾಳೆ ನೋಡದೆ ನಂಬಿಬಿಡುತ್ತಾರೆ.

ಮೊದಲು ತಂತ್ರಾಂಶ. ಅಮೆರಿಕದ ಇಂಧನ ಇಲಾಖೆಯ ನೆರವಿನಿಂದ ಬೆಳೆದ ಎನರ್ಜಿಪ್ಲಸ್ ಉಚಿತವಾಗಿ ಸಿಗುತ್ತದೆ. ವರ್ಷದ 8,760 ಗಂಟೆಗಳಿಗೂ ಲೆಕ್ಕ ಕೊಡುತ್ತದೆ. ಹೊಸಬರು ಅದನ್ನು ಓಪನ್‌ಸ್ಟುಡಿಯೋ ಎಂಬ, ಚಿತ್ರ ನೋಡಿ ತುಂಬಬಹುದಾದ ಜೊತೆ ತಂತ್ರಾಂಶದ ಮೂಲಕವೇ ಬಳಸಬೇಕು. ವಿಸ್ತೀರ್ಣ ಮತ್ತು ಸಿಬ್ಬಂದಿಯ ಸಂಖ್ಯೆಯನ್ನಷ್ಟೇ ಕೇಳಿ ಉತ್ತರ ಹೇಳುವ ಮೊಬೈಲ್ ಆ್ಯಪ್‌ಗಳನ್ನು ಮುಟ್ಟಬೇಡಿ. ಗೋಡೆ, ಕಿಟಕಿ, ಮಾಡಿನ ಅಳತೆಗಳನ್ನು ತುಂಬಿ ತಂತ್ರಾಂಶದೊಳಗೆ ಕಟ್ಟಡದ ಮಾದರಿ ಕಟ್ಟುವುದು ಒಂದು ದಿನದ ಕೆಲಸ.

ಊರಿನ ಗಂಟೆಗಂಟೆಯ ಉಷ್ಣತೆ, ತೇವಾಂಶಗಳಿರುವ ಹವಾಮಾನ ಕಡತವನ್ನು ಆರಿಸುವಾಗ ಹತ್ತಿರದ ಊರೆಂದು ಮಂಗಳೂರಿನದನ್ನು ಹಾಕಬೇಡಿ. ಕಡಲ ಮಟ್ಟದ ಸೆಕೆಯನ್ನು 1,100 ಮೀಟರಿಗೂ ಎತ್ತರದ ಊರಿಗೆ ತಂದರೆ, ಇಲ್ಲದ ಎ.ಸಿ.ಯ ಖರ್ಚು ಲೆಕ್ಕಕ್ಕೆ ಬಂದು ಕೂರುತ್ತದೆ.

ಇನ್ನು ನಿಜವಾದ ಕಷ್ಟ, ತಾಳೆ ನೋಡುವುದು. ಹನ್ನೆರಡು ತಿಂಗಳ ಸೆಸ್ಕ್ ಬಿಲ್‌ಗಳನ್ನು ಎದುರಿಗಿಟ್ಟುಕೊಳ್ಳಿ. ಬಿಲ್ಲಿನ ತಿಂಗಳು ಒಂದನೇ ತಾರೀಕಿಗೆ ಶುರುವಾಗುವುದಿಲ್ಲ. ಆದ್ದರಿಂದ ರೀಡಿಂಗ್ ತೆಗೆದ ದಿನದಿಂದ ಮುಂದಿನ ರೀಡಿಂಗಿನವರೆಗೆ ತಂತ್ರಾಂಶದ ಗಂಟೆಗಳನ್ನು ಕೂಡಿ ಹೋಲಿಸಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ತಂತಿ ತುಂಡಾದ ದಿನಗಳಲ್ಲಿ ಕಚೇರಿ ನಡೆಯುವುದು ಜನರೇಟರಿನಿಂದ, ಅದು ಬಿಲ್ಲಿನಲ್ಲಿ ಇರುವುದೇ ಇಲ್ಲ. ನಾನು ನೋಡಿದ ಒಂದು ಕಚೇರಿಯಲ್ಲಿ ಜುಲೈ ಬಿಲ್ ಕಡಿಮೆ ಬಂತೆಂದು ದೀಪಗಳ ವ್ಯಾಟ್‌ಗಳನ್ನೇ ತಂತ್ರಾಂಶದಲ್ಲಿ ಇಳಿಸಿ ಮಾದರಿಯನ್ನು ಹೊಂದಿಸಿದ್ದರು. ಆದರೆ ಅಲ್ಲಿ ಮಂಜು ಕಿಟಕಿಗೆ ಅಂಟಿಕೊಂಡು, ನಡು ಮಧ್ಯಾಹ್ನವೂ ಎಲ್ಲ ಟ್ಯೂಬ್‌ಲೈಟ್‌ಗಳು ಉರಿಯುತ್ತಿದ್ದವು. ಕಡತಗಳ ಕೋಣೆಯಲ್ಲಿ ತೇವ ಹೀರುವ ಯಂತ್ರ ರಾತ್ರಿಯೂ ಓಡುತ್ತಿತ್ತು. ಮಳೆಗಾಲಕ್ಕೆ ದೀಪಗಳ ವೇಳಾಪಟ್ಟಿಯನ್ನು ಬೇರೆಯಾಗಿಯೇ ಬರೆಯಬೇಕು, ಸುಟ್ಟ ಡೀಸೆಲ್ಲಿಗೆ ಲೀಟರಿಗೆ ಸುಮಾರು 3 ಯೂನಿಟ್‌ನಂತೆ ಬಿಲ್ಲಿಗೆ ಕೂಡಬೇಕು.

ವರ್ಷದ ಒಟ್ಟು ಮೊತ್ತ ಹೊಂದಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಏಕೆಂದರೆ ಜನವರಿಯ ಹೆಚ್ಚು ಜುಲೈಯ ಕೊರತೆಯನ್ನು ಮುಚ್ಚಿಹಾಕುತ್ತದೆ. ಕಟ್ಟಡಗಳ ತಂಪು-ಬಿಸಿ ವ್ಯವಸ್ಥೆಗಳ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇಯ 14ನೇ ಮಾರ್ಗಸೂಚಿಯಂತೆ ಮಾಸಿಕ ಬಿಲ್‌ಗಳಿಗೆ ಹೋಲಿಸಿದಾಗ ಒಟ್ಟಾರೆ ವ್ಯತ್ಯಾಸ ಶೇ 5ರೊಳಗೆ, ತಿಂಗಳು ತಿಂಗಳ ವ್ಯತ್ಯಾಸಗಳ ಏರುಪೇರು ಶೇ 15ರೊಳಗೆ ಇರಬೇಕು. ಅಷ್ಟಾದ ಮೇಲೆ ಎಲ್‌ಇಡಿ ಹಾಕಿದರೆ ಎಷ್ಟು ಉಳಿತಾಯ ಎಂದು ಕೇಳಿ.

ಡೀಸೆಲ್ ಲೆಕ್ಕದ ಪುಸ್ತಕವೇ ಇಲ್ಲದ ಕಚೇರಿಯವರು ಇಂದೇ ಜನರೇಟರಿನ ಬಳಿ ಒಂದು ನೋಟ್‌ಬುಕ್ ಕಟ್ಟಿ, ಓಡಿದ ಗಂಟೆ ಮತ್ತು ಹಾಕಿದ ಲೀಟರ್ ಬರೆಸಲು ಶುರುಮಾಡಿ. ಮಾದರಿ ಒಂದು ಮಳೆಗಾಲ ಕಾಯಲಿ.