ಸಂಡೇ ಸ್ಕೂಲಿನಲ್ಲಿ ‘ಆಗಲ್ಲ’ ಅನ್ನುವುದನ್ನೂ ಕಲಿಸಿದೆ

‘ನಿನ್ನ ತಂದೆತಾಯಿಗಳನ್ನು ಸನ್ಮಾನಿಸು’ ಎಂಬ ಆಜ್ಞೆ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆ) ಸಭೆಯ ಮಕ್ಕಳಿಗೆ ಓದಲು ಬರುವ ಮೊದಲೇ ಬಾಯಿಪಾಠವಾಗಿರುತ್ತದೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ ನಮ್ಮ ಎಣಿಕೆಗೆ ಅದು ಐದನೆಯದು, ಕಥೋಲಿಕರಿಗೆ ನಾಲ್ಕನೆಯದು. ಹತ್ತು–ಹನ್ನೆರಡರ ವಯಸ್ಸಿನ ಮಕ್ಕಳಿಗೆ ಪಾಠ ಮಾಡುವ ನನಗೆ ಈ ಆಜ್ಞೆ ತುಂಬ ಪ್ರಿಯ. ಆದರೆ ದೊಡ್ಡವರು ಹೇಳಿದ್ದನ್ನೆಲ್ಲ ಮರುಮಾತಿಲ್ಲದೆ ಮಾಡುವುದೇ ಭಕ್ತಿ ಎಂದು ಮಗುವಿಗೆ ಕಲಿಸಿದರೆ, ಕೆಟ್ಟ ಬುದ್ಧಿಯ ದೊಡ್ಡವರ ಕೈಗೆ ಆ ಮಗುವನ್ನು ನಾವೇ ಒಪ್ಪಿಸಿದ ಹಾಗೆ. ಹಾಗಾಗಿ ವಿಧೇಯತೆಯ ಪಾಠ ಮಾಡುವಾಗಲೇ ಅದರ ಮೇರೆಯನ್ನೂ ಹೇಳಿಕೊಡುತ್ತೇನೆ.

ಶುರು ಮಾಡುವುದು ಹೆರೋದ ಅರಸನ ಹೆಂಡತಿ ಹೆರೋದ್ಯಳ ಮಗಳ ಕಥೆಯಿಂದ. ಅರಸನ ಹುಟ್ಟುಹಬ್ಬದ ಔತಣದಲ್ಲಿ ಹುಡುಗಿ ಕುಣಿಯುತ್ತಾಳೆ. ಏನು ಬೇಕಾದರೂ ಕೇಳು, ಕೊಡುತ್ತೇನೆ ಅನ್ನುತ್ತಾನೆ ಅರಸ. ಅವಳು ಹೊರಗೆ ಹೋಗಿ ತಾಯಿಯನ್ನು ಕೇಳುತ್ತಾಳೆ, ಅವಸರದಿಂದ ಒಳಗೆ ಬಂದು ತಾಯಿ ಹೇಳಿದ್ದನ್ನೇ ಬೇಡುತ್ತಾಳೆ: ಸ್ನಾನಿಕನಾದ ಯೋಹಾನನೆಂಬ ಪ್ರವಾದಿಯ ತಲೆ. ಇಲ್ಲಿಗೆ ನಿಲ್ಲಿಸಿ ಕೇಳುತ್ತೇನೆ, “ಈ ಹುಡುಗಿ ಅಮ್ಮನ ಮಾತು ಕೇಳಿದಳಲ್ಲ, ಒಳ್ಳೆಯ ಮಗಳೇ?” ಒಂದು ಗಳಿಗೆ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಒಬ್ಬರಲ್ಲ ಒಬ್ಬರು, “ಅಮ್ಮ ಹಾಗೆ ಹೇಳಬಾರದಿತ್ತು, ಟೀಚರ್” ಅನ್ನುತ್ತಾರೆ. ಅಲ್ಲಿಂದ ಪಾಠ ತಾನಾಗಿ ನಡೆಯುತ್ತದೆ.

ಹಾಗಾದರೆ ಏನು ಮಾಡಬೇಕಿತ್ತು? ಇದಕ್ಕೆ ದಾವೀದನ ಗೆಳೆಯ ಯೋನಾತಾನನಷ್ಟು ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ದಾವೀದನನ್ನು ಹಿಡಿದು ತರಿಸು, ಅವನು ಸಾಯಬೇಕು ಎಂದು ತಂದೆ, ಇಸ್ರಾಯೇಲಿನ ಅರಸ ಸೌಲ ಹೇಳಿದಾಗ ಯೋನಾತಾನ ಕೇಳುವುದು ನೇರವಾದ ಪ್ರಶ್ನೆ: ಯಾಕೆ ಸಾಯಬೇಕು, ಅವನು ಏನು ಮಾಡಿದ್ದಾನೆ? ಸೌಲ ಮಗನ ಮೇಲೆಯೇ ಈಟಿ ಎಸೆಯುತ್ತಾನೆ. ಯೋನಾತಾನ ಊಟ ಬಿಟ್ಟು ಏಳುತ್ತಾನೆ, ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ದಾವೀದನಿಗೆ ಎಚ್ಚರಿಕೆ ಕೊಡುತ್ತಾನೆ. ತಂದೆಯನ್ನು ಬಿಟ್ಟು ಓಡಿಹೋಗುವುದಿಲ್ಲ; ಕೊನೆಗೆ ಗಿಲ್ಬೋವದ ಯುದ್ಧದಲ್ಲಿ ತಂದೆ ಸತ್ತ ದಿನವೇ ಅವನೂ ಸಾಯುತ್ತಾನೆ. ತಂದೆಯ ಮೇಲಿನ ಗೌರವ ಒಂದು, ತಂದೆ ಹೇಳಿದ ಪಾಪ ಮಾಡುವುದು ಇನ್ನೊಂದು ಎಂದು ಮಕ್ಕಳಿಗೆ ಇಷ್ಟರಲ್ಲೇ ಹೊಳೆಯುತ್ತದೆ. ಆಗ ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯ ತೆರೆಸುತ್ತೇನೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಯೇಸುವಿನ ಶಿಷ್ಯ ಪೇತ್ರನೂ ಉಳಿದ ಅಪೊಸ್ತಲರೂ ಯೆಹೂದ್ಯರ ಹಿರೀಸಭೆಯ ಮುಂದೆ ನಿಂತು ಹೇಳಿದ ಮಾತು. ಕಥೋಲಿಕ ಸಭೆಯ ಧರ್ಮೋಪದೇಶದಲ್ಲೂ ಇದು ಸ್ಪಷ್ಟವಾಗಿಯೇ ಇದೆ: ಒಂದು ಆಜ್ಞೆಗೆ ವಿಧೇಯವಾಗುವುದು ತಪ್ಪೆಂದು ಮನಸ್ಸಾಕ್ಷಿ ಹೇಳಿದರೆ ಮಗು ವಿಧೇಯವಾಗಬಾರದು.

ಮಕ್ಕಳು ಚುರುಕು. “ಹೋಮ್‌ವರ್ಕ್ ಮಾಡು ಅಂದ್ರೂ ಆಗಲ್ಲ ಅನ್ನಬಹುದಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಜಾರಾಗುವ ಕೆಲಸ ಬೇರೆ, ತಪ್ಪು ಕೆಲಸ ಬೇರೆ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಉಳಿದುಕೊಂಡದ್ದನ್ನು ಹೇಳುವ ಲೂಕನೇ, ಆಮೇಲೆ ಆತ ನಜರೇತಿಗೆ ಹೋಗಿ ತಂದೆತಾಯಿಗೆ ಅಧೀನನಾಗಿದ್ದ ಎಂದೂ ಹೇಳುತ್ತಾನೆ. ದೊಡ್ಡವರು ಏನಾದರೂ ಮಾಡು ಅಂದಾಗ, ಆ ಮಾತಿನಿಂದ ಯಾರಿಗಾದರೂ ನೋವಾಗುತ್ತದೆಯೇ, ಸುಳ್ಳು ಹೇಳಬೇಕಾಗುತ್ತದೆಯೇ, ಹೇಳಿದವರು ಇದನ್ನು ಎಲ್ಲರೆದುರು ಹೇಳುತ್ತಿದ್ದರೇ ಎಂದು ಕೇಳಿಕೊಳ್ಳಲು ಹೇಳುತ್ತೇನೆ. ‘ಅಮ್ಮನಿಗೆ ಹೇಳಬೇಡ’ ಎಂದು ಯಾವ ದೊಡ್ಡವರು ಗುಟ್ಟು ಮಾಡಿಸಿದರೂ ಆ ಗುಟ್ಟನ್ನು ಕಾಯಬೇಕಿಲ್ಲ. ಹೇಳಿದವರು ಮಾವನಾಗಿರಲಿ, ಟ್ಯೂಷನ್ ಮಾಸ್ತರಾಗಿರಲಿ, ಸಭೆಯ ಪಾದ್ರಿಯಾದ ಅಯ್ಯನವರಾಗಿರಲಿ, ನಾನೇ ಆಗಿರಲಿ. ‘ಆಗಲ್ಲ’ ಅನ್ನುವ ಅಭ್ಯಾಸವನ್ನೂ ಮಾಡಿಸುತ್ತೇನೆ, ಯಾಕೆಂದರೆ ಕೆಲವು ಮಕ್ಕಳಿಗೆ ‘ಆಗಲ್ಲ, ಅಂಕಲ್’ ಎನ್ನುವ ಎರಡು ಮಾತು ಗಂಟಲಿನಿಂದ ಹೊರಡುವುದೇ ಇಲ್ಲ.

ಆಕ್ಷೇಪ ಬಂತು. “ಮಕ್ಕಳಿಗೆ ಎದುರುತ್ತರ ಕಲಿಸ್ತಾ ಇದ್ದೀರಿ” ಎಂದು ತಂದೆಯೊಬ್ಬರು ಆರಾಧನೆ ಮುಗಿದ ಕೂಡಲೇ ನನ್ನನ್ನು ತಡೆದು ನಿಲ್ಲಿಸಿದರು. ಮಕ್ಕಳು ಎಲ್ಲಾ ವಿಷಯಗಳಲ್ಲಿ ವಿಧೇಯರಾಗಬೇಕೆಂಬ ಕೊಲೊಸ್ಸೆಯ ಪತ್ರಿಕೆಯ ವಚನವನ್ನೂ ತೋರಿಸಿದರು. ಅದರ ಮುಂದಿನ ವಚನ ಓದಿ ಎಂದೆ. ಅದು ತಂದೆಗಳಿಗೆ ಹೇಳಿದ್ದು: ಮಕ್ಕಳ ಮನಗುಂದುವ ಹಾಗೆ ಅವರನ್ನು ಕೆಣಕಬೇಡಿ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ, ಮಗಳನ್ನು ಮಾತ್ರ ಕಳಿಸುವುದನ್ನು ಬಿಡಲಿಲ್ಲ.

ಮಗು ಬಂದು ಏನಾದರೂ ಹೇಳಿದಾಗ ನಾವು ಏನು ಮಾಡುತ್ತೇವೆ ಅನ್ನುವುದು ಇದಕ್ಕಿಂತ ದೊಡ್ಡದು. ನಮ್ಮ ಟೀಚರುಗಳೆಲ್ಲ ಕೂತು ತೀರ್ಮಾನಿಸಿದ್ದೇವೆ: ಲೈಂಗಿಕ ದೌರ್ಜನ್ಯದ ಮಾತು ಕಿವಿಗೆ ಬಿದ್ದರೆ ಸಭೆಯೊಳಗೇ ರಾಜಿಪಂಚಾಯ್ತಿ ಇಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿಯ 1098 ನಂಬರನ್ನು ಕ್ಲಾಸಿನ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದು ಅಂಟಿಸಿದ್ದೇವೆ.